ಕನ್ನಡ ಫಾಂಟಿನ ದೂರು ಯಾವ ಗೇಟಿಗೆ ಮುಟ್ಟಬೇಕು?

ಮೊದಲು ಒಂದು ಸಣ್ಣ ಪರೀಕ್ಷೆ. ಈ ಎರಡು ಪದ ನಿಮ್ಮ ಫೋನಿನಲ್ಲಿ ಹೇಗೆ ಕಾಣುತ್ತವೆ ನೋಡಿ: ರ‍್ಯಾಲಿ, ರ್ಯಾಲಿ.

ಮೊದಲನೆಯದರಲ್ಲಿ ರ ಅಕ್ಷರ ಮುಂದೆ ನಿಂತು, ಅದಕ್ಕೆ ಯ ಒತ್ತಾಗಿ ಬರಬೇಕು. ಎರಡನೆಯದರಲ್ಲಿ ಯಾ ಮುಂದೆ ನಿಂತು, ರ ಅರ್ಕಾವತ್ತಾಗಿ ಹಿಂದೆ ಬರುತ್ತದೆ. ಪತ್ರಿಕೆಗೆ ಬೇಕಾದದ್ದು ಮೊದಲನೆಯದು. ನಿಮ್ಮ ಫೋನಿನಲ್ಲಿ ಎರಡೂ ಒಂದೇ ಥರ ಕಂಡರೆ, ಈ ಬರಹ ನಿಮಗೂ ಸೇರಿದ್ದು.

ನಮಗೆ ಇದು ತಟ್ಟಿದ್ದು ಸಿಂಧನೂರಿನ ಒಂದು ಡಿಟಿಪಿ ಅಂಗಡಿಯಲ್ಲಿ. ರೈತರ ರ‍್ಯಾಲಿಯ ಕರಪತ್ರಕ್ಕೆ ಬರಹ ಟೈಪ್ ಮಾಡಿ ಫೋನಿನಿಂದ ಕಳಿಸಿದ್ದೆವು. ಅಂಗಡಿಯವರು ಲಿನಕ್ಸ್ ಬಳಸುತ್ತಾರೆ. ಐನೂರು ಪ್ರತಿ ಅಚ್ಚಾದ ಮೇಲೆ ನೋಡಿದರೆ ತಲೆಬರಹದ ಮೊದಲ ಪದವೇ ತಿರುಗಾಮುರುಗಾ. ಕಾಗದದ ಖರ್ಚು ಅಂಗಡಿಯವರ ಮೈಮೇಲೆ ಬಿತ್ತು. ಅವರು ನಮ್ಮ ಮೇಲೆ ಸಿಟ್ಟು ಮಾಡಲಿಲ್ಲ, ಒಂದು ಪ್ರಶ್ನೆ ಕೇಳಿದರು.

"ಸರ, ನಿಮ್ಮ ಫೋನ್ನ್ಯಾಗ ಬರೋಬರಿ ಐತಿ, ನಮ್ಮ ಕಂಪ್ಯೂಟರ್ನ್ಯಾಗ ಹಿಂಗ ಬರ್ತೈತಿ. ಹೋದ ಸಲಾನೂ ಹಿಂಗ ಆಗಿತ್ತು. ಇದನ್ನ ಯಾರಿಗೆ ಹೇಳ್ಬೇಕ್ರೀ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸುದ್ದಿಗಾರರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ಹಾಕಿದೆವು. "ಹೌದು, ನಮ್ಮಲ್ಲೂ ಹಿಂಗೇ" ಎಂದು ನಾಲ್ಕು ಮಂದಿ ಬರೆದರು, ಹತ್ತು ಮಂದಿ ಹೆಬ್ಬೆರಳು ಎತ್ತಿದರು. ಸಂಜೆ ಹೊತ್ತಿಗೆ ಜಾತ್ರೆ ಫೋಟೊಗಳ ಕೆಳಗೆ ಅದು ಹೂತುಹೋಯಿತು. ಮೂರು ತಿಂಗಳಾದ ಮೇಲೆ ಮಸ್ಕಿಯ ಗೆಳೆಯರೊಬ್ಬರು ಅದೇ ತಕರಾರು ಹೇಳಿದರು. ಅದಾದ ಮೇಲೆ ಲಿಂಗಸುಗೂರಿನಿಂದ ಒಬ್ಬರು. ಒಂದೇ ದೋಷವನ್ನು ಮೂರು ತಾಲ್ಲೂಕಿನವರು ಮೂರು ಸಲ ಹೊಸದಾಗಿ ಕಂಡುಹಿಡಿದೆವು. ಸರಿಮಾಡಬಲ್ಲವರಿಗೆ ಒಬ್ಬರೂ ಒಂದು ಸಲವೂ ಹೇಳಲಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ: ಕನ್ನಡದ ಮುಕ್ತ ತಂತ್ರಾಂಶಗಳಿಗೆ ಒಂದು ಸಣ್ಣ ದೂರು ವಹಿ ಬೇಕು. ಸಣ್ಣದು ಎನ್ನುವುದನ್ನು ಒತ್ತಿ ಹೇಳುತ್ತಿದ್ದೇವೆ. ದೊಡ್ಡದು ಮಾಡಲು ಹೋದರೆ ಅದು ನಮ್ಮ ಊರಿಗೆ ಮುಟ್ಟುವುದಿಲ್ಲ.

ಉಗ್ರಾಣ ಎಂದರೆ ಏನು?

ಫೋನಿನಲ್ಲಿ ಪ್ಲೇ ಸ್ಟೋರ್ ಇದ್ದ ಹಾಗೆ ಲಿನಕ್ಸ್ ಕಂಪ್ಯೂಟರಿಗೂ ಒಂದು ಉಗ್ರಾಣ ಇರುತ್ತದೆ. ಅದರಲ್ಲಿ ಫಾಂಟು, ಕೀಲಿಮಣೆ, ಬರಹದ ತಂತ್ರಾಂಶ ಎಲ್ಲವನ್ನೂ ಒಂದೊಂದು ಗಂಟು ಕಟ್ಟಿ ಇಟ್ಟಿರುತ್ತಾರೆ. ಆ ಗಂಟಿಗೆ ಪ್ಯಾಕೇಜ್ ಎನ್ನುತ್ತಾರೆ. ದುಡ್ಡು ಕೊಡಬೇಕಿಲ್ಲ. ಬೇಕಾದವರು ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು.

ಇಂಥ ಉಗ್ರಾಣಗಳಲ್ಲಿ ಹಳೆಯದೂ ದೊಡ್ಡದೂ ಆದ ಒಂದು ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಎನ್ನುವವರು ಶುರು ಮಾಡಿದ್ದು. ನಡೆಸುವವರು ಸ್ವಯಂಸೇವಕರು. ಹೆಚ್ಚು ಹೆಸರು ಮಾಡಿರುವ ಉಬುಂಟು ಕೂಡ ಡೆಬಿಯನ್ ಮೇಲೆಯೇ ಕಟ್ಟಿದ್ದು. ಅಲ್ಲಿ ನಮ್ಮ ಕನ್ನಡವೂ ಇದೆ. ಗುಬ್ಬಿ ಎನ್ನುವ ಫಾಂಟು, ನವಿಲು ಎನ್ನುವ ಫಾಂಟು, ಲೋಹಿತ್ ಕನ್ನಡ ಫಾಂಟು, ಇವೆಲ್ಲ ಡೆಬಿಯನ್ ಉಗ್ರಾಣದಲ್ಲಿ ಸಿಗುತ್ತವೆ. ಕೆ.ಪಿ. ರಾವ್ ಅವರು ರೂಪಿಸಿದ, ನಾವೆಲ್ಲ ನುಡಿಯಲ್ಲಿ ಬೆರಳು ಪಳಗಿಸಿಕೊಂಡ ಕೀಲಿಮಣೆ ಜೋಡಣೆಯೂ ಕೆಜಿಪಿ ಎನ್ನುವ ಹೆಸರಿನಲ್ಲಿ ಲಿನಕ್ಸ್‌ನಲ್ಲಿ ಸಿಗುತ್ತದೆ.

ಈ ಕೆಲಸ ಮಾಡುವವರಲ್ಲಿ ಬಹಳ ಮಂದಿ ಸಂಬಳವಿಲ್ಲದೆ, ತಮ್ಮ ನೌಕರಿ ಮುಗಿಸಿ ರಾತ್ರಿ ಕುಳಿತು ಮಾಡುತ್ತಾರೆ. ಸಿಂಧನೂರಿನ ಅಂಗಡಿಯಲ್ಲಿ ಐನೂರು ಕರಪತ್ರ ಹಾಳಾಗಿದ್ದು ಅವರಿಗೆ ಕನಸಿನಲ್ಲೂ ಗೊತ್ತಾಗುವುದಿಲ್ಲ. ನಾವು ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಮೇಲ್ಭಾಗ, ಕೆಳಭಾಗ

ತುಂಗಭದ್ರಾ ಎಡದಂಡೆ ಕಾಲುವೆಯ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಭಾಗದ ಹೊಲಕ್ಕೆ ನೀರು ಬರಲಿಲ್ಲ ಎಂದರೆ ಹೊಲದ ಬದುವಿನ ಮೇಲೆ ನಿಂತು ಕೂಗಿದರೆ ಆಗುವುದಿಲ್ಲ. ಎಷ್ಟನೇ ಉಪಕಾಲುವೆ, ಎಷ್ಟನೇ ಮೈಲಿನಲ್ಲಿ ಗೇಜ್ ಎಷ್ಟಿದೆ, ಯಾವ ಗೇಟಿನಲ್ಲಿ ನೀರು ನಿಂತಿದೆ ಎಂದು ಹೇಳಬೇಕು. ಆ ಗೇಟು ಯಾರ ಕೈಯಲ್ಲಿದೆಯೋ ಅವರಿಗೆ ಮಾತು ಮುಟ್ಟಬೇಕು.

ತಂತ್ರಾಂಶದವರೂ ಇದೇ ಮಾತು ಬಳಸುತ್ತಾರೆ ಎಂದು ತಿಳಿದಾಗ ನಮಗೆ ನಗು ಬಂತು. ಫಾಂಟನ್ನು ಮೊದಲು ಬರೆದವರನ್ನು ಅವರು ಅಪ್‌ಸ್ಟ್ರೀಮ್ ಎನ್ನುತ್ತಾರೆ, ಅಂದರೆ ಮೇಲ್ಭಾಗ. ಅದನ್ನು ಗಂಟು ಕಟ್ಟಿ ಉಗ್ರಾಣಕ್ಕೆ ಹಾಕುವವರು ನಡುವಿನವರು. ಡಿಟಿಪಿ ಅಂಗಡಿಯವರು, ಶಾಲೆಯ ಕಂಪ್ಯೂಟರ್ ಕೋಣೆಯ ಮಕ್ಕಳು, ತಾಲ್ಲೂಕಿನ ಸುದ್ದಿಗಾರರು ಕೆಳಭಾಗದವರು.

ರ‍್ಯಾಲಿ ಎಂಬ ಒಂದು ಪದಕ್ಕೇ ಮೂರು ಗೇಟುಗಳಿವೆ. ಆ ಪದ ಸರಿಯಾಗಿ ಮೂಡಬೇಕಾದರೆ ಯೂನಿಕೋಡಿನಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಬರಬೇಕು, ಆಮೇಲೆ ಹಲಂತ, ಆಮೇಲೆ ಯ. ಕೀಲಿಮಣೆಯಲ್ಲಿ ಆ ಜೋಡಕ ಒತ್ತುವ ದಾರಿ ಇಲ್ಲದಿದ್ದರೆ ತಪ್ಪು ಕೀಲಿಮಣೆಯದು. ಒತ್ತಿದ್ದರೂ ಫಾಂಟಿಗೆ ಅದನ್ನು ಮೂಡಿಸಲು ಬರದಿದ್ದರೆ ತಪ್ಪು ಫಾಂಟಿನದು. ಎರಡೂ ಸರಿಯಿದ್ದು, ನಡುವಿನ ಯಾವುದೋ ತಂತ್ರಾಂಶ ಕಾಣದ ಚಿಹ್ನೆಯನ್ನು ಕಸ ಎಂದು ಗುಡಿಸಿ ಹಾಕಿದ್ದರೆ ತಪ್ಪು ಅದರದು. "ಕನ್ನಡ ಸರಿ ಬರ್ತಿಲ್ಲ" ಎಂದಷ್ಟೇ ಹೇಳಿದರೆ ಮೂರು ಗೇಟಿನವರೂ "ನಮ್ಮದಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ನಾವು ಪೂರ್ತಿ ಹೇಳಿರುವುದಿಲ್ಲ.

ಮೂವತ್ತು ವರ್ಷದ ಹಳೆಯ ವಹಿ

ಡೆಬಿಯನ್‌ನವರ ದೂರು ವ್ಯವಸ್ಥೆಯನ್ನು 1994ರಲ್ಲಿ ಇಯಾನ್ ಜಾಕ್ಸನ್ ಎನ್ನುವವರು ಬರೆದರು. ಅದು ಇವತ್ತಿಗೂ ನಡೆಯುತ್ತಿದೆ. 2021ರಲ್ಲಿ ಅದರ ಕ್ರಮಸಂಖ್ಯೆ 10 ಲಕ್ಷ ಮುಟ್ಟಿತು. ಇಷ್ಟು ದೂರು ಹೊತ್ತ ವ್ಯವಸ್ಥೆ ಎಷ್ಟು ಸರಳವಾಗಿದೆ ನೋಡಿ.

ದೂರು ಕೊಡಲು ಖಾತೆ ತೆರೆಯಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ಒಂದು ಇಮೇಲ್ ಕಳಿಸಿದರೆ ಆಯಿತು. ಮೇಲಿನ ಎರಡು ಸಾಲಿನಲ್ಲಿ ಪ್ಯಾಕೇಜಿನ ಹೆಸರು ಮತ್ತು ಅದರ ಆವೃತ್ತಿ ಬರೆಯಬೇಕು, ಕೆಳಗೆ ನಡೆದದ್ದು ಬರೆಯಬೇಕು. ಒಂದು ಕ್ರಮಸಂಖ್ಯೆ ವಾಪಸ್ ಬರುತ್ತದೆ. ಆ ಸಂಖ್ಯೆ ಹಾಕಿ ಯಾರು ಏನು ಬರೆದರೂ ಅದೇ ಕಡತಕ್ಕೆ ಸೇರುತ್ತದೆ.

ದೂರು ಮುಗಿಸುವುದೂ ಇಮೇಲಿನಲ್ಲೇ. ಮುಗಿಸಿದವರು ಬರೆದ ವಿವರದ ಪ್ರತಿ ದೂರು ಕೊಟ್ಟವರಿಗೆ ಹೋಗುತ್ತದೆ. ಸರಿಯಾಗಿಲ್ಲ ಎಂದರೆ ಮತ್ತೆ ತೆರೆಯಬಹುದು. ಒಂದೇ ದೂರು ಇಬ್ಬರಿಂದ ಬಂದಿದ್ದರೆ ಎರಡನ್ನೂ ಜೋಡಿಸಬಹುದು. ತಪ್ಪು ಪ್ಯಾಕೇಜಿನ ಮೇಲೆ ಬಂದಿದ್ದರೆ ಸರಿಯಾದ ಪ್ಯಾಕೇಜಿಗೆ ವರ್ಗಾಯಿಸಬಹುದು. ಮೇಲ್ಭಾಗಕ್ಕೆ ಕಳಿಸಿದ್ದರೆ "ಕಳಿಸಲಾಗಿದೆ" ಎಂದು ಗುರುತು ಹಾಕಬಹುದು. "ಇನ್ನಷ್ಟು ವಿವರ ಬೇಕು" ಎನ್ನಲೂ ಒಂದು ಗುರುತಿದೆ, "ಇದನ್ನು ತಿದ್ದುವುದಿಲ್ಲ" ಎನ್ನಲೂ ಒಂದು ಗುರುತಿದೆ. ಇಷ್ಟೆಲ್ಲವನ್ನೂ ಅದು ಇಡುವುದು ಸಾದಾ ಪಠ್ಯದ ಕಡತಗಳಲ್ಲಿ.

ತಂತ್ರಾಂಶದ ದೋಷಕ್ಕೆ ಬಗ್, ಅಂದರೆ ಹುಳ ಎನ್ನುವುದು ನಿಮಗೆ ಗೊತ್ತಿರಬಹುದು. ಆ ಮಾತು ಕಂಪ್ಯೂಟರಿಗಿಂತ ಹಳೆಯದು. ಆದರೂ 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ಮಾರ್ಕ್ 2 ಯಂತ್ರದಲ್ಲಿ ನಿಜವಾದ ಒಂದು ಪತಂಗ ಸಿಕ್ಕಿಬಿದ್ದಿತ್ತು. ಅಲ್ಲಿನವರು ಅದನ್ನು ದಿನವಹಿಯ ಪುಟಕ್ಕೇ ಅಂಟಿಸಿ, ಹೊತ್ತು 15:45, 70ನೇ ರಿಲೇ, ಎಫ್ ಫಲಕ ಎಂದು ಬರೆದಿಟ್ಟರು. ಕಂದು ಜಿಗಿಹುಳುವಿನ ಕಾಟ ಉಂಡ ನಮ್ಮ ಭತ್ತದ ರೈತರಿಗೆ ಹುಳ ಹೊಸದಲ್ಲ. ಇಲ್ಲಿ ಕಲಿಯಬೇಕಾದದ್ದು ಬರೆದಿಟ್ಟ ರೀತಿ. ಯಾವ ಹೊತ್ತು, ಯಾವ ಜಾಗ, ಏನು ಸಿಕ್ಕಿತು ಎಂಬ ಮೂರೂ ಆ ಪುಟದಲ್ಲಿವೆ.

ಹಾಗಾದರೆ ಡೆಬಿಯನ್ ವಹಿಯೇ ಸಾಕಲ್ಲ?

ಸಾಕಾಗುವುದಿಲ್ಲ. ಅಲ್ಲಿ ವ್ಯವಹಾರ ನಡೆಯುವುದು ಇಂಗ್ಲಿಷಿನಲ್ಲಿ. ನಮ್ಮ ಡಿಟಿಪಿ ಅಂಗಡಿಯವರು ದಿನಕ್ಕೆ ಐವತ್ತು ಪುಟ ಕನ್ನಡ ಟೈಪ್ ಮಾಡುತ್ತಾರೆ. ದೋಷವನ್ನು ಅವರಷ್ಟು ಚೆನ್ನಾಗಿ ಕಂಡವರು ಬೇರೆ ಯಾರೂ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಹತ್ತು ಸಾಲಿನ ಪತ್ರ ಬರೆ ಎಂದರೆ ಕೈ ಹಿಂದೆಗೆಯುತ್ತಾರೆ. ಇಮೇಲ್ ಎನ್ನುವುದು ನಮ್ಮಲ್ಲಿ ಬಹಳ ಮಂದಿಗೆ ಫೋನ್ ಕೊಂಡಾಗ ಅಂಗಡಿಯ ಹುಡುಗ ಮಾಡಿಕೊಟ್ಟ ಯಾವುದೋ ವಿಳಾಸ, ಅದರ ಪಾಸ್‌ವರ್ಡ್ ಅವನಿಗೇ ಗೊತ್ತು. ಇನ್ನೊಂದು ತೊಂದರೆಯೂ ಇದೆ. ಡೆಬಿಯನ್ ವಹಿಯಲ್ಲಿ ದೂರು ಕೊಟ್ಟವರ ಇಮೇಲ್ ವಿಳಾಸ ಎಲ್ಲರಿಗೂ ಕಾಣುತ್ತದೆ.

ಹೊಸ ಕಾಲದ ದೂರು ತಾಣಗಳು ಇನ್ನೂ ಭಾರ. ಖಾತೆ ತೆರೆಯಬೇಕು, ಇಪ್ಪತ್ತು ಖಾನೆ ತುಂಬಬೇಕು, ಪುಟ ತೆರೆಯುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ.

ಆದ್ದರಿಂದ ನಮಗೆ ಬೇಕಾದದ್ದು ಡೆಬಿಯನ್ ವಹಿಗೆ ಎದುರಾಳಿಯಲ್ಲ. ಅದರ ಮುಂದೆ ಕನ್ನಡದಲ್ಲಿ ಒಂದು ಸಣ್ಣ ಕಿಟಕಿ. ಇಲ್ಲಿ ಕನ್ನಡದಲ್ಲಿ ದೂರು ತೆಗೆದುಕೊಳ್ಳಬೇಕು, ಸ್ವಚ್ಛ ಮಾಡಿ ಮೇಲ್ಭಾಗಕ್ಕೆ ಮುಟ್ಟಿಸಬೇಕು, ಉತ್ತರವನ್ನು ಕೆಳಭಾಗಕ್ಕೆ ತಂದುಕೊಡಬೇಕು.

ಪಕ್ಕದ ಕೇರಳ ನೋಡಿ. ಅಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎನ್ನುವ ಸಂಸ್ಥೆಯಾಯಿತು. ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶ ಬಳಸುತ್ತವೆ. 2002ರಿಂದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎನ್ನುವ ಬಳಗ ಮಲಯಾಳಂ ಫಾಂಟು, ಕೀಲಿಮಣೆಗಳ ಕೆಲಸ ಮಾಡುತ್ತಿದೆ. ಬಳಸುವವರು ಮತ್ತು ತಿದ್ದುವವರು ಒಂದೇ ಭಾಷೆಯಲ್ಲಿ ಮಾತಾಡಿಕೊಂಡರೆ ಭಾಷೆಗೆ ಬಲ ಬರುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ.

ನಮ್ಮ ವಹಿ ಹೇಗಿರಬೇಕು?

ನಾವು ಕುಳಿತು ಲೆಕ್ಕ ಹಾಕಿದ್ದು ಹೀಗೆ.

ಕೇಳುವುದು ಐದೇ ಪ್ರಶ್ನೆ. ಯಾವ ಪ್ಯಾಕೇಜ್? ಯಾವ ಆವೃತ್ತಿ, ಯಾವ ಯಂತ್ರ? ಏನು ಮಾಡಿದಿರಿ? ಏನು ಬರಬೇಕಿತ್ತು? ಏನು ಬಂತು? ಮೊದಲ ಎರಡು ಗೊತ್ತಿಲ್ಲದಿದ್ದರೆ ಬಿಡಬಹುದು, ವಹಿ ನೋಡಿಕೊಳ್ಳುವವರು ಕೇಳಿ ತುಂಬುತ್ತಾರೆ. ಕೊನೆಯ ಮೂರು ಮಾತ್ರ ಬಿಡುವಂತಿಲ್ಲ.

ದೂರು ಯಾವ ದಾರಿಯಲ್ಲಿ ಬಂದರೂ ತೆಗೆದುಕೊಳ್ಳಬೇಕು. ವಾಟ್ಸಾಪ್ ಮೆಸೇಜ್ ಆಗಲಿ, ಧ್ವನಿ ಸಂದೇಶ ಆಗಲಿ, ಕಾಗದದ ಚೀಟಿಯ ಫೋಟೊ ಆಗಲಿ. ಬರೆದುಕೊಳ್ಳುವುದು ವಹಿಯವರ ಕೆಲಸ.

ಬಂದ ದಿನವೇ ಒಂದು ನಂಬರ್ ಕೊಡಬೇಕು. ನಂಬರ್ ಸಿಕ್ಕರೆ ಅರ್ಧ ಸಮಾಧಾನ. ನಾಳೆ ಮಸ್ಕಿಯಿಂದ ಅದೇ ದೂರು ಬಂದರೆ ಹೊಸ ನಂಬರ್ ಬೇಡ, ಹಳೆಯದರ ಕೆಳಗೆ "ಮಸ್ಕಿಯಲ್ಲೂ ಇದೆ" ಎಂದು ಬರೆದರೆ ಸಾಕು. ಮೂರು ಊರಿನ ಮಾತು ಒಂದೇ ಕಡೆ ಸೇರಿದಾಗ ಮೇಲ್ಭಾಗದವರು ಅದನ್ನು ಬೇಗ ನೋಡುತ್ತಾರೆ.

ಸ್ಥಿತಿ ಮೂರೇ: ಬಂದಿದೆ, ಮೇಲಕ್ಕೆ ಹೋಗಿದೆ, ಮುಗಿದಿದೆ. ಮುಗಿದಿದೆ ಎಂದು ಬರೆಯುವಾಗ ಯಾವ ಆವೃತ್ತಿಯಲ್ಲಿ ಸರಿಯಾಯಿತು ಎಂದು ಬರೆಯಲೇಬೇಕು. ಸರಿಮಾಡಲು ಆಗದಿದ್ದರೆ ಯಾಕೆ ಆಗದು ಎಂದು ಬರೆಯಬೇಕು. ದೂರು ಕೊಟ್ಟವರಿಗೆ ಹೇಳದೆ ಯಾವುದನ್ನೂ ಮುಗಿಸುವಂತಿಲ್ಲ.

ಒಂದು ದೂರಿಗೆ ಒಂದೇ ವಿಷಯ. ಉಬುಂಟು ದೂರು ವಹಿಯ ನಂಬರ್ 1 ಏನು ಗೊತ್ತೇ? 2004ರಲ್ಲಿ ಅದರ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ತಾವೇ ಬರೆದದ್ದು: ಮಾರುಕಟ್ಟೆಯಲ್ಲಿ ದೊಡ್ಡ ಪಾಲು ಮೈಕ್ರೋಸಾಫ್ಟ್‌ನದು ಎಂಬ ದೂರು. ಅದನ್ನು ಮುಗಿಸಿದ್ದು 2013ರಲ್ಲಿ. ಸ್ಥಾಪಕರು ಘೋಷಣೆಗೆಂದು ಹಾಗೆ ಬರೆದರೆ ಚೆಂದ. ನಾವು "ಲಿನಕ್ಸ್‌ನಲ್ಲಿ ಕನ್ನಡ ಸರಿಯಿಲ್ಲ" ಎಂದು ಬರೆದರೆ ನಮ್ಮದಕ್ಕೂ ಒಂಬತ್ತು ವರ್ಷ ಹಿಡಿಯುತ್ತದೆ.

ಫೋನ್ ನಂಬರ್, ಹೆಸರು ಹೊರಗೆ ಕಾಣಬಾರದು. ಊರಿನ ಹೆಸರು ಸಾಕು. ಫೋಟೊದಲ್ಲಿ ಆಧಾರ್, ಪಹಣಿ, ಅಂಕಪಟ್ಟಿ ಇದ್ದರೆ ಅದನ್ನು ಮುಚ್ಚಿದ ಮೇಲೆಯೇ ವಹಿಗೆ ಸೇರಿಸಬೇಕು.

ಇದಕ್ಕೆ ದೊಡ್ಡ ಸರ್ವರ್ ಬೇಕೇ? ಬೇಡ. ಒಂದು ಕನ್ನಡ ಅಕ್ಷರ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್ ಜಾಗ ಹಿಡಿಯುತ್ತದೆ. ಒಂದು ದೂರಿಗೆ 1,000 ಸಂಕೇತ ಎಂದರೆ 3 ಕಿಲೋಬೈಟ್. ವರ್ಷಕ್ಕೆ 200 ದೂರು ಬಂದರೂ 600 ಕಿಲೋಬೈಟ್. ನಿಮ್ಮ ಫೋನಿನ ಒಂದು ಫೋಟೊ ಇದಕ್ಕಿಂತ ದೊಡ್ಡದಿರುತ್ತದೆ. ಫೋಟೊಗಳನ್ನು ಬೇರೆ ಇಟ್ಟು ಪಠ್ಯವನ್ನಷ್ಟೇ ಒಂದು ಕಡತ ಮಾಡಿದರೆ, ಇಡೀ ವಹಿಯನ್ನೇ ಮೆಸೇಜಿನಲ್ಲಿ ಕಳಿಸಬಹುದು, ನೆಟ್ ಇಲ್ಲದಾಗಲೂ ತೆರೆದು ಓದಬಹುದು.

ಮಸ್ಕಿಯ ಕಲ್ಲು ಹೇಳುವ ಮಾತು

"ಯಾವ ಪ್ಯಾಕೇಜ್" ಎನ್ನುವ ಪ್ರಶ್ನೆ ಯಾಕಷ್ಟು ಮುಖ್ಯ ಎಂದು ಕೇಳುವವರಿಗೆ ಮಸ್ಕಿಯ ಶಾಸನ ತೋರಿಸಬಹುದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೆ ದೇಶದ ಬೇರೆ ಬೇರೆ ಕಡೆಯ ಶಾಸನಗಳಲ್ಲಿ ಸಿಕ್ಕಿದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎನ್ನುವ ಬಿರುದುಗಳು. ಅವು ಅಶೋಕನವೇ ಎಂದು ವಿದ್ವಾಂಸರು ಬೇರೆ ಆಧಾರಗಳಿಂದ ಹೇಳುತ್ತಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಶಾಸನ ಪತ್ತೆ ಮಾಡಿದರು. ಅದರಲ್ಲಿ ಬಿರುದಿನ ಜೊತೆಗೆ ಅಶೋಕ ಎನ್ನುವ ಹೆಸರೇ ಇತ್ತು. ಊಹೆಗೆ ಕಲ್ಲಿನ ಸಾಕ್ಷಿ ಸಿಕ್ಕಿತು.

ದೂರಿನಲ್ಲೂ ಅಷ್ಟೇ. "ಫಾಂಟ್ ಸರಿಯಿಲ್ಲ" ಎಂದರೆ ಬಿರುದು ಹೇಳಿದ ಹಾಗೆ, ಯಾರದೋ ಗೊತ್ತಾಗುವುದಿಲ್ಲ. "ಗುಬ್ಬಿ ಫಾಂಟು, ಇಂಥ ಆವೃತ್ತಿ" ಎಂದರೆ ಹೆಸರು ಹೇಳಿದ ಹಾಗೆ.

ಎದುರು ಬರುವ ಮಾತುಗಳು

ವಾಟ್ಸಾಪ್ ಗ್ರೂಪ್ ಇರುವಾಗ ಇದು ಯಾಕೆ ಎನ್ನುವವರಿದ್ದಾರೆ. ಗ್ರೂಪು ಮಾತಾಡಲು ಒಳ್ಳೆಯದು, ನೆನಪಿಡಲು ಅಲ್ಲ. ಹೋಟೆಲಿನ ಮಾತು ಹೋಟೆಲಿನಲ್ಲೇ ಇರುತ್ತದೆ, ಉದ್ದರಿ ಮಾತ್ರ ಪುಸ್ತಕದಲ್ಲಿರುತ್ತದೆ. ಅಂಗಡಿಯವರು ಉದ್ದರಿಯನ್ನು ಬಾಯಲ್ಲಿ ನೆನಪಿಡುವುದಿಲ್ಲ. ದೋಷ ಕೂಡ ಒಂದು ಬಾಕಿ.

ಯಾರು ಮಾಡಬೇಕು ಎನ್ನುವುದು ಇದಕ್ಕಿಂತ ಗಟ್ಟಿಯಾದ ಪ್ರಶ್ನೆ. ಸಂಬಳವಿಲ್ಲದ ಕೆಲಸ ಆರು ತಿಂಗಳಲ್ಲಿ ಸೊರಗುತ್ತದೆ ಎನ್ನುವುದು ನಮಗೆ ಗೊತ್ತು. ತಿಂಗಳ ಸಂಭಾವನೆಗೆ ಕಾಯುವ ಸುದ್ದಿಗಾರರು ನಾವು, ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ. ಅದಕ್ಕೇ ವಹಿ ಸಣ್ಣದಿರಲಿ ಎನ್ನುತ್ತಿದ್ದೇವೆ. ಮೂರು ತಾಲ್ಲೂಕಿಗೆ ಮೂವರು, ಒಬ್ಬೊಬ್ಬರಿಗೆ ಒಂದೊಂದು ತಿಂಗಳ ಪಾಳಿ, ವಾರಕ್ಕೆ ಒಂದು ತಾಸು. ಅದಕ್ಕಿಂತ ಹೆಚ್ಚು ಕೇಳುವ ವ್ಯವಸ್ಥೆಯನ್ನು ನಾವು ನಡೆಸಲಾರೆವು. ನಡೆಸುತ್ತೇವೆ ಎಂದು ಹೇಳಿ ನಿಲ್ಲಿಸುವುದು ದೂರು ಕೊಟ್ಟವರಿಗೆ ಮಾಡುವ ಮೋಸ.

ಮೇಲ್ಭಾಗದವರು ಕೇಳದಿದ್ದರೆ? ಕೇಳದಿರಬಹುದು. ಅವರೂ ಬಿಡುವಿನಲ್ಲಿ ಮಾಡುವವರು. ಆಗ ದೂರು "ಮೇಲಕ್ಕೆ ಹೋಗಿದೆ" ಎನ್ನುವಲ್ಲೇ ನಿಲ್ಲುತ್ತದೆ, ಅದು ಎಲ್ಲರಿಗೂ ಕಾಣುತ್ತಿರುತ್ತದೆ. ಮುಕ್ತ ತಂತ್ರಾಂಶದಲ್ಲಿ ಗೇಟಿಗೆ ಬೀಗ ಇಲ್ಲ. ಕಲಿತ ನಮ್ಮೂರಿನ ಹುಡುಗಿಯೊಬ್ಬಳು ನಾಳೆ ಆ ವಹಿ ತೆರೆದು, ನಿಂತಿರುವ ದೂರು ನೋಡಿ, ತಾನೇ ತಿದ್ದಿ ಕಳಿಸಬಹುದು. ಬರೆದಿಡದಿದ್ದರೆ ಅವಳಿಗೆ ಯಾವ ಕೆಲಸ ಬಾಕಿ ಇದೆ ಎನ್ನುವುದೇ ತಿಳಿಯುವುದಿಲ್ಲ.

ನಾವು ಶುರು ಮಾಡುತ್ತಿದ್ದೇವೆ. ಸದ್ಯಕ್ಕೆ ನೂರು ಪುಟದ ಒಂದು ನೋಟ್‌ಬುಕ್ ಮತ್ತು ಫೋನಿನಲ್ಲಿ ಒಂದು ಪಠ್ಯದ ಕಡತ. ಮೊದಲ ದೂರು ಹೀಗಿದೆ:

ನಂಬರ್ 1. ಸಿಂಧನೂರು, ಡಿಟಿಪಿ ಅಂಗಡಿ. ಪ್ಯಾಕೇಜ್: ಫಾಂಟೋ ಕೀಲಿಮಣೆಯೋ ನೋಡಬೇಕು. ಮಾಡಿದ್ದು: ಫೋನಿನಿಂದ ಬಂದ ಪಠ್ಯವನ್ನು ಪುಟಕ್ಕೆ ಅಂಟಿಸಿದ್ದು. ಬರಬೇಕಿದ್ದದ್ದು: ರ‍್ಯಾಲಿ. ಬಂದದ್ದು: ರ್ಯಾಲಿ. ಮಸ್ಕಿಯಲ್ಲೂ ಇದೆ, ಲಿಂಗಸುಗೂರಿನಲ್ಲೂ ಇದೆ. ಸ್ಥಿತಿ: ಬಂದಿದೆ.

ಮುಂದಿನ ವಾರ ಮೂವರೂ ಆ ಅಂಗಡಿಗೆ ಹೋಗಿ, ಅದೇ ಪಠ್ಯವನ್ನು ಒಂದೊಂದೇ ಫಾಂಟಿನಲ್ಲಿ ಹಾಕಿ ನೋಡಿ, ತಪ್ಪು ಯಾವ ಗೇಟಿನದು ಎಂದು ಗುರುತಿಸುತ್ತೇವೆ. ಆಮೇಲೆ ಮೇಲಕ್ಕೆ ಕಳಿಸುತ್ತೇವೆ. ಉತ್ತರ ಏನೇ ಬರಲಿ, ಮೊದಲು ಹೇಳುವುದು ಅಂಗಡಿಯವರಿಗೆ. ಯಾರಿಗೆ ಹೇಳಬೇಕ್ರೀ ಎಂದು ಕೇಳಿದವರು ಅವರೇ.

ನಿಮ್ಮ ಫೋನಿನಲ್ಲಿ, ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡ ಎಲ್ಲಿ ಮುರಿದು ಕಾಣುತ್ತಿದೆಯೋ ಅದನ್ನು ಐದು ಪ್ರಶ್ನೆಗೆ ಉತ್ತರವಾಗಿ ಬರೆದಿಡಿ. ನಂಬರ್ 2 ನಿಮ್ಮದಾಗಲಿ.